ಪಂಪ್ ಕೊನೆಗೆ, ಹೋಸ್ ಮೊದಲು: ಹಳೆ ಗಾಡಿಯ ಫ್ಯೂಯೆಲ್ ಸಿಸ್ಟಮ್ ಬದಲಿಸುವ ಕ್ರಮ

ಹೊಂಡಾ ಸಿಟಿ 1.5 ವಿಟೆಕ್, ಬಲೆನೊ 1.6, ಎಸ್ಟೀಮ್, ಐಕಾನ್ 1.6. ಇಪ್ಪತ್ತು ವರ್ಷ ದಾಟಿದ ಇಂಥ ಗಾಡಿಗೆ ಶಕ್ತಿ ಹೆಚ್ಚಿಸಲು ಹೆಡರ್ (ಎಕ್ಸಾಸ್ಟ್ ಪೈಪುಗಳ ಜೋಡಣೆ), ಕ್ಯಾಮ್ (ವಾಲ್ವ್ ತೆರೆಯುವ ದಂಡ) ಅಥವಾ ಸಣ್ಣ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಕೂಡಿಸಿದ ಕೂಡಲೇ ಎಲ್ಲರ ಕೈ ಹೋಗುವುದು ತಾಸಿಗೆ 255 ಲೀಟರ್ ಪೆಟ್ರೋಲ್ ತಳ್ಳುವ ಪಂಪಿನ ಮೇಲೆ. ಬಹಳಷ್ಟು ಗಾಡಿಗಳಿಗೆ ಆ ಪಂಪು ಬೇಕಾಗಿಯೇ ಇರುವುದಿಲ್ಲ. ಬೇಕಾಗಿರುವುದು ಹೊಸ ರಬ್ಬರು, ದಪ್ಪ ವೈರು, ಒಂದು ಪ್ರೆಶರ್ ಗೇಜು, ಅರ್ಧ ತಾಸಿನ ಲೆಕ್ಕ. ಪಂಪ್ ಖರೀದಿ ಕಡೆಗೆ ಬರಲಿ. ಟಾಕಿಯನ್ನು ಎರಡೆರಡು ಸಲ ಬಿಚ್ಚುವುದು ಯಾರಿಗೂ ಬೇಡ, ಅದಕ್ಕೇ ಅಳತೆ ಮೊದಲು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಕೆಲಸಕ್ಕೆ ಮೂರು ತೊಡಕು ಕೂಡಿ ಬರುತ್ತವೆ. ಮೊದಲನೆಯದು ವಯಸ್ಸು: ಕಂಪನಿಯಿಂದ ಬಂದ ಹೋಸ್, ಓ-ರಿಂಗ್, ಪಂಪಿನ ವೈರು ಎಲ್ಲವೂ ಗಾಡಿಯಷ್ಟೇ ಹಳೆಯವು. ಎರಡನೆಯದು ಪೆಟ್ರೋಲು. ಈ ಗಾಡಿಗಳು ಹುಟ್ಟಿದ ಕಾಲಕ್ಕೆ ಎಥನಾಲ್ ಇರಲೇ ಇಲ್ಲ ಎನ್ನಬಹುದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಅದಕ್ಕೆ ತಾಳುವ ರಬ್ಬರು, ಪ್ಲಾಸ್ಟಿಕ್ ಹಾಕಿದ ಗಾಡಿಗಳು ಬಂದದ್ದು 2023ರ ಏಪ್ರಿಲ್ ನಂತರ. ಮೂರನೆಯದು ಬಿಸಿಲು. ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿಯಲ್ಲಿ ಡಾಂಬರಿನ ಮೇಲೆ ನಿಂತ ಗಾಡಿಯ ಟಾಕಿ ಎಷ್ಟು ಕಾಯುತ್ತದೆ ಎಂದು ಹೇಳುವುದೇ ಬೇಡ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ.

ಇಲ್ಲಿ ಹೇಳುವುದೆಲ್ಲ ರಿಟರ್ನ್ ಪೈಪ್ ಇರುವ, ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಗಾಡಿಗೆ: ಪಂಪು ಟಾಕಿಯೊಳಗೆ, ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ, ಅಂದರೆ ರೇಲಿನ, ತುದಿಯಲ್ಲಿ, ಹೆಚ್ಚಾದ ಪೆಟ್ರೋಲು ಮರಳಿ ಟಾಕಿಗೆ. ಕಾರ್ಬ್ಯುರೇಟರ್ ಗಾಡಿಯ ಲೆಕ್ಕವೇ ಬೇರೆ.

ಅಳತೆ

ಪೆಟ್ರೋಲ್ ಪೈಪಿಗೆ ಕೈ ಹಾಕುವ ಮೊದಲು ಕೆಳಗಿನ ‘ಬಿಚ್ಚುವ ಮುನ್ನ’ ಭಾಗ ಓದಿ. ರೇಲಿಗೆ ಪೆಟ್ರೋಲು ಬರುವ ಕಡೆ ಟೀ (ಮೂರು ಬಾಯಿಯ ಜೋಡಣೆ) ಕೂಡಿಸಿ 0 ರಿಂದ 7 ಬಾರ್ ತೋರಿಸುವ ಗೇಜ್ ಹಾಕಿ. ಆ ಕಾಲದ ಹೊಂಡಾಗಳಲ್ಲಿ ಸಾಮಾನ್ಯವಾಗಿ ಫಿಲ್ಟರಿನ ಮೇಲಿನ ಬ್ಯಾಂಜೊ ಬೋಲ್ಟಿನ (ಪೆಟ್ರೋಲ್ ಹರಿಯುವ ಟೊಳ್ಳು ಬೋಲ್ಟು) ತಲೆಯಲ್ಲಿ 6 ಎಂಎಂನ ಸಣ್ಣ ಸರ್ವಿಸ್ ಬೋಲ್ಟ್ ಇರುತ್ತದೆ, ಗೇಜ್ ಅಲ್ಲಿಯೇ ಕೂಡುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತು ಅದರ ಬಾಯಿ ಮುಚ್ಚಿ. ಬಹುತೇಕ ಗಾಡಿಗಳಲ್ಲಿ ಪ್ರೆಶರ್ 3 ಬಾರ್ ಸುತ್ತ ಬರಬೇಕು. ಖಚಿತ ಸಂಖ್ಯೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಹೋಸ್ ಮರಳಿ ಹಾಕಿದರೆ 0.5, 0.6 ಬಾರ್ ಇಳಿಯಬೇಕು. ಇಳಿಯದಿದ್ದರೆ ರೆಗ್ಯುಲೇಟರಿನ ಡಯಾಫ್ರಾಮ್ ಸತ್ತಿದೆ, ಇಲ್ಲವೇ ಹೋಸ್ ಒಡೆದಿದೆ. ಕಿತ್ತ ವ್ಯಾಕ್ಯೂಮ್ ಹೋಸಿನ ತುದಿ ಮೂಸಿ ನೋಡಿ. ಒಳಗೆ ಪೆಟ್ರೋಲ್ ಹಸಿ ಇದ್ದರೆ ಡಯಾಫ್ರಾಮ್ ಹರಿದಿದೆ ಎಂದೇ ಅರ್ಥ, ಬೇರೆ ಪರೀಕ್ಷೆ ಬೇಡ.

ಎಂಜಿನ್ ಬಂದ್ ಮಾಡಿ ಗೇಜ್ ನೋಡುತ್ತಿರಿ. ಹತ್ತು ನಿಮಿಷ ಪ್ರೆಶರ್ ಹೆಚ್ಚುಕಡಿಮೆ ನಿಲ್ಲಬೇಕು. ಸರ್ರನೆ ಇಳಿದರೆ, ಮತ್ತೆ ಪ್ರೆಶರ್ ಏರಿಸಿ ರಿಟರ್ನ್ ಹೋಸನ್ನು ಅದುಮಿ ಹಿಡಿಯಿರಿ: ಆಗ ನಿಂತರೆ ತಪ್ಪು ರೆಗ್ಯುಲೇಟರಿನದು. ಫೀಡ್ ಹೋಸ್ ಅದುಮಿದಾಗ ನಿಂತರೆ ಪಂಪಿನ ಚೆಕ್ ವಾಲ್ವಿನದು. ಎರಡೂ ಅದುಮಿದರೂ ಇಳಿಯುತ್ತಿದ್ದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಬೇಸಿಗೆಯಲ್ಲಿ ಕಾದ ಎಂಜಿನ್ ಮರಳಿ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಗಳಲ್ಲಿ ಈ ಮೂರರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಇನ್ನು ಹರಿವಿನ ಅಳತೆ. ಮೊದಲು ಬ್ಯಾಟರಿಗೆ ಚಾರ್ಜರ್ ಹಚ್ಚಿ 13.5 ವೋಲ್ಟ್ ಬರುವಂತೆ ಮಾಡಿ. ಕಿಡಿ ಹಾರುವ ಕೆಲಸವೆಲ್ಲ ಪೆಟ್ರೋಲ್ ಪೈಪು ಬಿಚ್ಚುವ ಮೊದಲೇ ಮುಗಿಯಲಿ. ರೆಗ್ಯುಲೇಟರಿನಿಂದ ಹೊರಡುವ ರಿಟರ್ನ್ ಹೋಸನ್ನು ಒಂದು ತಗಡಿನ ಡಬ್ಬಿಗೆ ಬಿಡಿ. ಹಿಂದೆ ಸೀಮೆಎಣ್ಣೆ ಅಳೆಯುತ್ತಿದ್ದ ಲೀಟರ್ ಡಬ್ಬಿ ಸಿಕ್ಕರೆ ಇದಕ್ಕಿಂತ ಒಳ್ಳೆಯದಿಲ್ಲ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ಬೇಡ, ಸ್ಟ್ಯಾಟಿಕ್ ಕಿಡಿಯ ಅಪಾಯವಿದೆ. ಡಬ್ಬಿಯಿಂದ ಗಾಡಿಯ ಬಾಡಿಗೆ ಒಂದು ವೈರು ಕಟ್ಟಿ. ಪಂಪಿನ ರಿಲೇಯನ್ನು ವೈರಿನಿಂದ ದಾಟಿಸಿ (ಜಂಪ್ ಮಾಡಿ) ಪಂಪನ್ನು ಸರಿಯಾಗಿ 15 ಸೆಕೆಂಡು ಓಡಿಸಿ, ಬಂದದ್ದನ್ನು 240ರಿಂದ ಗುಣಿಸಿದರೆ ತಾಸಿನ ಲೆಕ್ಕ. 350 ಮಿಲಿ ಬಂದರೆ ತಾಸಿಗೆ 84 ಲೀಟರ್.

ಟರ್ಬೊ ಗಾಡಿಗೆ ಇಷ್ಟು ಸಾಲದು. ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಪ್ರೆಶರ್) ಏರಿದಂತೆ ರೇಲಿನ ಪ್ರೆಶರೂ ಅಷ್ಟೇ ಏರಬೇಕು, ಪ್ರೆಶರ್ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಹಾಗಾಗಿ ರೆಗ್ಯುಲೇಟರಿನ ವ್ಯಾಕ್ಯೂಮ್ ಮೂತಿಗೆ ಗೇಜ್ ಇರುವ ಸೈಕಲ್ ಪಂಪಿನಿಂದ 0.5 ಬಾರ್ ಗಾಳಿ ಕೊಟ್ಟು ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ರೇಲಿನ ಗೇಜ್ ಆಗ 3.5 ತೋರಿಸಬೇಕು. ಸೈಕಲ್ ಪಂಪಿನಿಂದ ಎಂಥಾ ಪರೀಕ್ಷೆ ಎಂದು ನಗುವವರಿದ್ದಾರೆ, ಆದರೆ ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಕಂಡುಹಿಡಿಯುವ ತಪ್ಪನ್ನು ಇದು ಅಂಗಳದಲ್ಲೇ ತೋರಿಸಿಕೊಡುತ್ತದೆ.

ಲೆಕ್ಕ

ಫುಲ್ ಥ್ರಾಟಲ್‌ನಲ್ಲಿ ಒಂದು ಹಾರ್ಸ್‌ಪವರಿಗೆ ತಾಸಿಗೆ ಬೇಕಾಗುವ ಪೆಟ್ರೋಲು, ಟರ್ಬೊ ಇಲ್ಲದ ಎಂಜಿನ್ನಿಗೆ ಸುಮಾರು 230 ಗ್ರಾಂ, ಟರ್ಬೊ ಎಂಜಿನ್ನಿಗೆ 275 ಗ್ರಾಂ. ಒಂದು ಲೀಟರ್ ಪೆಟ್ರೋಲಿನ ತೂಕ 745 ಗ್ರಾಂ ಎಂದು ಹಿಡಿಯಿರಿ.

ಮೂಲದಲ್ಲಿ 106 ಹಾರ್ಸ್‌ಪವರಿನ ಸಿಟಿ ವಿಟೆಕ್‌ಗೆ 0.5 ಬಾರ್ ಬೂಸ್ಟ್ ಕೊಟ್ಟು 160 ಗುರಿ ಇಟ್ಟಿದ್ದೀರಿ ಎನ್ನಿ. 160ನ್ನು 275ರಿಂದ ಗುಣಿಸಿದರೆ ತಾಸಿಗೆ 44 ಕಿಲೊ, ಅಂದರೆ 59 ಲೀಟರ್. ಇದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಅನುಪಾತ 14.7 (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ), ಇ20ಗೆ 13.5ರ ಸುತ್ತ. ಆದ್ದರಿಂದ ಶೇ. 8 ಕೂಡಿಸಿ: 64 ಲೀಟರ್. ಅದರ ಮೇಲೆ ಕಾಲು ಪಾಲಿಗಿಂತ ತುಸು ಹೆಚ್ಚು ಮಾರ್ಜಿನ್ ಇಟ್ಟರೆ 83 ಲೀಟರ್. ಮೇಲಿನ ಪರೀಕ್ಷೆಯಲ್ಲಿ 3.5 ಬಾರ್ ಪ್ರೆಶರಿಗೆ 15 ಸೆಕೆಂಡಿನಲ್ಲಿ 350 ಮಿಲಿ ಬಂದರೆ ನಿಮ್ಮ ಹಳೆ ಪಂಪೇ ಸಾಕು. 255 ಲೀಟರಿನ ಪಂಪು ಈ ಗಾಡಿಗೆ ಮೂರು ಪಟ್ಟು.

ದೊಡ್ಡದಿದ್ದರೆ ನಷ್ಟವೇನು ಎಂಬ ಪ್ರಶ್ನೆ ಸಹಜ. ಅಂಥ ಪಂಪು 10 ಆಂಪಿಯರ್ ಎಳೆದರೆ ಸುಮಾರು 130 ವ್ಯಾಟ್. ಎಂಜಿನ್ ಉಣ್ಣದ ಪೆಟ್ರೋಲು ಸುತ್ತು ಹೊಡೆದು ಮರಳುವುದರಿಂದ ಆ ವ್ಯಾಟ್‌ಗಳೆಲ್ಲ ಕಡೆಗೆ ಪೆಟ್ರೋಲನ್ನೇ ಕಾಯಿಸುತ್ತವೆ. ಟಾಕಿಯಲ್ಲಿ 15 ಲೀಟರ್ ಉಳಿದಿದ್ದರೆ ಹೊರಗಿನ ಗಾಳಿಗೆ ಹೋಗುವ ಶಾಖ ಬಿಟ್ಟು ಲೆಕ್ಕ ಹಾಕಿದಾಗ ಪ್ರತಿ ಮೂರು ನಿಮಿಷಕ್ಕೆ 1 ಡಿಗ್ರಿ ಏರಿಕೆ. ಇದರ ಜೊತೆಗೆ ಬಾನೆಟ್ಟಿನೊಳಗೆ ರೇಲಿನಲ್ಲಿ ಕಾದು ಬರುವ ಬಿಸಿ ಬೇರೆ. ಹುಮನಾಬಾದಿನಿಂದ ಕಲಬುರಗಿಗೆ ಮೇ ತಿಂಗಳ ಮಧ್ಯಾಹ್ನ ಕಾಲು ಟಾಕಿಯಲ್ಲಿ ಹೊರಟ ಗಾಡಿ ದಾರಿಯಲ್ಲಿ ಗುಂಯ್‌ಗುಡುತ್ತ ಎಳೆತ ಕಳೆದುಕೊಳ್ಳುವುದು ಇದೇ ಕಾರಣಕ್ಕೆ: ಪಂಪು ಪೆಟ್ರೋಲಿನ ಬದಲು ಆವಿ ಹೀರುತ್ತಿರುತ್ತದೆ. ಬಂಕಿನಲ್ಲಿ ನಿಲ್ಲಿಸಿ ತಂಪು ಪೆಟ್ರೋಲ್ ತುಂಬಿಸಿದ ಕೂಡಲೇ ಸರಿಯಾಗುತ್ತದೆ, ಮಾಲೀಕರು ಹಿಂದಿನ ಬಂಕಿನ ಪೆಟ್ರೋಲ್ ಕಲಬೆರಕೆ ಎಂದು ಬೈದುಕೊಳ್ಳುತ್ತಾರೆ.

ಈಗ ಇಂಜೆಕ್ಟರ್. 59 ಲೀಟರ್ ಎಂದರೆ ನಿಮಿಷಕ್ಕೆ 984 ಸಿಸಿ, ನಾಲ್ಕಕ್ಕೆ ಹಂಚಿದರೆ ಒಂದೊಂದಕ್ಕೆ 246. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಹಾಗಾಗಿ 307, ಇ20ಗಾಗಿ ಶೇ. 8 ಕೂಡಿಸಿ 332. ಮಾರುಕಟ್ಟೆಯಲ್ಲಿ 340, 360 ಸಿಸಿಯವು ಸಿಗುತ್ತವೆ, ಅಷ್ಟು ಸಾಕು. 550 ತಂದು ಹಾಕಿದರೆ ಐಡಲ್ ಹಾಳಾಗುತ್ತದೆ.

ಬರೀ ಕ್ಯಾಮ್, ಹೆಡರ್ ಹಾಕಿ 130 ಹಾರ್ಸ್‌ಪವರ್ ಎಳೆಯುವ ಗಾಡಿಗೆ ಇದೇ ದಾರಿಯಲ್ಲಿ ಲೆಕ್ಕ ಹಾಕಿ: 226 ಸಿಸಿ ಬರುತ್ತದೆ. ಬೆಂಚಿನ ಮೇಲೆ ನಿಮ್ಮ ಹಳೆ ಇಂಜೆಕ್ಟರ್ 230, 240 ತೋರಿಸಿದರೆ ಬದಲಿಸುವ ಮಾತೇ ಇಲ್ಲ, ತೊಳೆಸಿದರೆ ಆಯಿತು. ಕಲಬುರಗಿಯಲ್ಲಿ ಟ್ರ್ಯಾಕ್ಟರು, ಲಾರಿಗಳ ಡೀಸೆಲ್ ಪಂಪ್ ರಿಪೇರಿಯವರು ಬೇಕಾದಷ್ಟಿದ್ದಾರೆ. ಆದರೆ ಡೀಸೆಲ್ ನಾಜಲ್ ಪರೀಕ್ಷಿಸುವ ಯಂತ್ರದಲ್ಲಿ ಪೆಟ್ರೋಲ್ ಇಂಜೆಕ್ಟರ್ ಹಾಕಿಸಬೇಡಿ, ಅಲ್ಲಿಯ ಪ್ರೆಶರ್ 100 ಬಾರ್ ದಾಟುತ್ತದೆ. ಅಲ್ಟ್ರಾಸೋನಿಕ್ ಕ್ಲೀನಿಂಗ್ ಜೊತೆಗೆ ಗಾಜಿನ ನಳಿಗೆಗಳಲ್ಲಿ ಹರಿವು ತೋರಿಸುವ ಬೆಂಚ್ ಊರಲ್ಲಿ ಸಿಗದಿದ್ದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಮ್ಮೆ ಹೋಗಿಬರುವುದು ಲಾಭ. ತೊಳೆದ ಮೇಲೆ ನಾಲ್ಕರ ನಡುವಿನ ವ್ಯತ್ಯಾಸ ಶೇ. 3ರೊಳಗಿರಲಿ.

ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂಬುದನ್ನೂ ಮನೆಯಲ್ಲೇ ಅಳೆಯಬಹುದು. 100 ಮಿಲಿ ಗೆರೆಗಳಿರುವ ಗಾಜಿನ ಅಳತೆ ನಳಿಗೆಗೆ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್ ಹಾಕಿ ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನೊಂದಿಗೆ ಕೆಳಗಿಳಿಯುತ್ತದೆ. ಕೆಳಗಿನ ಪದರ 10ರಿಂದ 28ಕ್ಕೆ ಏರಿದರೆ 90ರಲ್ಲಿ 18, ಅಂದರೆ ಶೇ. 20.

ಬಿಚ್ಚುವ ಮುನ್ನ

ಈ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ, ತೆರೆದ ಜಾಗದಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸರ್ವಿಸ್ ಗುಂಡಿಯೊಳಗೆ ಇಳಿದು ಕೂಡುತ್ತದೆ. ಗುಂಡಿಯ ಮೇಲೆ ನಿಲ್ಲಿಸಿ ಟಾಕಿ ಬಿಚ್ಚಬೇಡಿ. ಪಕ್ಕದಂಗಡಿಯಲ್ಲಿ ಚಹಾದ ಒಲೆ ಉರಿಯುತ್ತಿದ್ದರೆ ಗಾಡಿ ಬೇರೆಡೆ ಒಯ್ಯಿರಿ. ಎರಡು ಕಿಲೊದ ಎಬಿಸಿ ಪೌಡರ್ ಸಿಲಿಂಡರ್ ಕೈಗೆಟುಕುವಂತಿರಲಿ, ಡಿಕ್ಕಿಯಲ್ಲಿ ಅಲ್ಲ.

ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ನಾಲ್ಕೈದು ಸೆಕೆಂಡು ಕ್ರ್ಯಾಂಕ್ ಮಾಡಿ. ಬ್ಯಾಟರಿಯ ನೆಗೆಟಿವ್ ಕಳಚಿ. ಟಾಕಿಯ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಇಷ್ಟಾದರೂ ಮೊದಲ ಜೋಡಣೆ ಬಿಚ್ಚುವಾಗ ಅರಿವೆ ಸುತ್ತಿ, ನಿಧಾನವಾಗಿ ಒಂದು ಸುತ್ತು ಮಾತ್ರ ತಿರುಗಿಸಿ. ಟಾಕಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲಿದ್ದರೆ ಕೆಲಸ ಹಗುರ.

ಪಂಪಿನ ಮುಚ್ಚಳ ಕೆಲವು ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ ಸಿಗುತ್ತದೆ, ಕೆಲವಕ್ಕೆ ಟಾಕಿಯನ್ನೇ ಇಳಿಸಬೇಕು. ಇಳಿಸುವ ಬೇಸರಕ್ಕೆ ಸೀಟಿನ ಕೆಳಗೆ ಗ್ರೈಂಡರಿನಿಂದ ತಗಡು ಕೊಯ್ಯುವ ಮಿಸ್ತ್ರಿಗಳಿದ್ದಾರೆ. ಕೆಳಗೆ ಎರಡು ಇಂಚಿನಲ್ಲಿ ಪೆಟ್ರೋಲ್ ಟಾಕಿ, ಮೇಲೆ ಕಿಡಿ ಕಾರುವ ಗ್ರೈಂಡರ್. ಅಂಥವರ ಕೈಗೆ ಗಾಡಿ ಕೊಡಬೇಡಿ.

ಮುಚ್ಚಳದ ಸುತ್ತ ಎರೆ ಮಣ್ಣಿನ ಪುಡಿ, ಶಹಾಬಾದ್, ಸೇಡಂ ಕಡೆ ಓಡಾಡುವ ಗಾಡಿಯಾದರೆ ಫರಸಿ ಕಲ್ಲಿನ ಬಿಳಿ ಧೂಳು ಗಟ್ಟಿಯಾಗಿ ಮೆತ್ತಿರುತ್ತದೆ. ಅದನ್ನು ಬ್ರಷ್ಷಿನಿಂದ ಕೆದರಿ ಗಾಳಿ ಹೊಡೆದು, ಒದ್ದೆ ಅರಿವೆಯಲ್ಲಿ ಒರೆಸಿ, ಆಮೇಲೆ ಮುಚ್ಚಳ ತೆಗೆಯಿರಿ. ಒಂದು ಚಿಟಿಕೆ ಧೂಳು ಒಳಗೆ ಬಿದ್ದರೂ ಹೊಸ ಪಂಪಿನ ಜಾಳಿಗೆಯ ಮೊದಲ ಊಟ ಅದೇ.

ಹೋಸ್

ಹಳೆ ಹೋಸನ್ನು ಬೆರಳ ನಡುವೆ ಮಡಿಚಿ ಮಡಿಕೆಯ ಹೊರಮೈ ನೋಡಿ. ಸಣ್ಣ ಸಣ್ಣ ಬಿರುಕು ಬೇಸಿಗೆಯ ಕೆರೆಯಂಗಳದಂತೆ ಕಂಡರೆ ಅದರ ಕಥೆ ಮುಗಿದಿದೆ. ಕೊಯ್ದು ಒಳಮೈ ಉಗುರಿನಿಂದ ಕೆರೆಯಿರಿ. ಉಗುರಿಗೆ ಕಪ್ಪು ಅಂಟಿದರೆ ಎಥನಾಲ್ ಒಳಗಿನಿಂದ ಅದನ್ನು ಕರಗಿಸುತ್ತಿದೆ, ಆ ಕಪ್ಪೇ ಇಂಜೆಕ್ಟರಿನ ಬಾಯಿಗೆ ಹೋಗಿ ಕೂಡುತ್ತದೆ.

ಅಂಗಡಿಯಲ್ಲಿ ಬರೀ ಪೆಟ್ರೋಲ್ ಪೈಪು ಕೊಡಿ ಎಂದರೆ ಕಾರ್ಬ್ಯುರೇಟರಿಗೆ ಸಾಲುವ ಜೆ30 ಆರ್7 ಸಿಗಬಹುದು. ಹೋಸಿನ ಮೈಮೇಲೆ ಅಚ್ಚಾಗಿರುವುದನ್ನು ಓದಿ ತೆಗೆದುಕೊಳ್ಳಿ. ಎಂಜಿನ್ ಕಡೆಗೆ, ಗಾಡಿಯ ಅಡಿಗೆ ಎಸ್‌ಎಇ ಜೆ30 ಆರ್9. ಇದರ ಒಳಪದರ ಫ್ಲೋರೊ ರಬ್ಬರಿನದು, ಎಥನಾಲಿಗೆ ಜಗ್ಗುವುದಿಲ್ಲ. ಟಾಕಿಯೊಳಗೆ, ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗೆ ಮಾತ್ರ ಜೆ30 ಆರ್10. ಇಲ್ಲಿ ಜಾಣರೂ ಎಡವುತ್ತಾರೆ. ಆರ್9ನ ಒಳಮೈ ಗಟ್ಟಿ ನಿಜ, ಹೊರಮೈ ಸಾಧಾರಣ ರಬ್ಬರು. ಮುಳುಗಿಸಿದರೆ ಹೊರಗಿನಿಂದ ಉಬ್ಬಿ, ಮೆತ್ತಗಾಗಿ, ಕೆಲವೇ ತಿಂಗಳಲ್ಲಿ ಪಂಪಿನ ಮೂತಿಯಿಂದ ಜಾರುತ್ತದೆ. ಟಾಕಿಯೊಳಗೇ ಸೋರಿದರೆ ಹೊರಗೆ ವಾಸನೆಯೂ ಬರದು, ಕಲೆಯೂ ಕಾಣದು, ಪ್ರೆಶರ್ ಮಾತ್ರ ಬೂಸ್ಟಿನಲ್ಲಿ ಬೀಳುತ್ತದೆ. ಆರ್10 ದುಬಾರಿ, ಆದರೆ ಬೇಕಾಗುವುದು ಗೇಣುದ್ದ.

ಅಳತೆ: 160 ಹಾರ್ಸ್‌ಪವರಿಗೆ 8 ಎಂಎಂ ಒಳವ್ಯಾಸದ ಹೋಸ್ ಧಾರಾಳವಾಯಿತು. ಕ್ಲಾಂಪ್ ಅಂಚು ಮಡಿಚಿದ, ನಟ್ ಬೋಲ್ಟಿನ ಇಂಜೆಕ್ಷನ್ ಕ್ಲಾಂಪ್ ಇರಲಿ. ನೀರಿನ ಪೈಪಿಗೆ ಹಾಕುವ, ಪಟ್ಟಿಯಲ್ಲಿ ತೂತುಗಳಿರುವ ಕ್ಲಾಂಪ್ ಬಿಗಿದಾಗ ಆ ತೂತುಗಳೊಳಗೆ ರಬ್ಬರ್ ಉಬ್ಬಿ ಕತ್ತರಿಸುತ್ತದೆ. ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರು ಪ್ರತಿಸಲ ಹೊಸದು. ಎಎನ್ ಫಿಟಿಂಗ್ (ಥ್ರೆಡ್ಡಿನಿಂದ ಬಿಗಿಯುವ ಲೋಹದ ಜೋಡಣೆ) ಹಾಕುವವರಿಗೆ ಒಂದೇ ಮಾತು: ಎಎನ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೋರಿಕೆ ತಡೆಯುವುದು 37 ಡಿಗ್ರಿಯ ಇಳಿಜಾರು ಮೈ, ಥ್ರೆಡ್ ಅಲ್ಲ. ಬಿಚ್ಚಿಹೋದ ಟೇಪಿನ ಎಳೆ ನೇರವಾಗಿ ಇಂಜೆಕ್ಟರಿನ ಜಾಳಿಗೆಗೆ ಹೋಗುತ್ತದೆ.

ಎಕ್ಸಾಸ್ಟಿನ ಹತ್ತಿರ ಹಾದುಹೋಗುವ ಜಾಗದಲ್ಲಿ ಫೈಬರ್‌ಗ್ಲಾಸ್ ಹೀಟ್ ಸ್ಲೀವ್ ತೊಡಿಸಿ. ಟರ್ಬೊ ಗಾಡಿಯಲ್ಲಿ ಇದು ಕಡ್ಡಾಯ.

ವೈರು

ಪಂಪು ಕೇಳುವುದು ಕರೆಂಟು. ಅದು ತಲುಪದಿದ್ದರೆ ಎಷ್ಟು ದೊಡ್ಡ ಪಂಪ್ ಹಾಕಿದರೂ ಅಷ್ಟೇ. 13.5ರ ಬದಲು 12 ವೋಲ್ಟ್ ಸಿಕ್ಕರೆ ಪಂಪಿನ ಹರಿವು ಹತ್ತಿರಹತ್ತಿರ ಐದರಲ್ಲಿ ಒಂದು ಪಾಲು ಕುಸಿಯುತ್ತದೆ. ಎಂಜಿನ್ ಓಡುವಾಗ ಮಲ್ಟಿಮೀಟರನ್ನು ಬ್ಯಾಟರಿಗೆ ಒಮ್ಮೆ, ಪಂಪಿನ ಕನೆಕ್ಟರಿಗೆ ಒಮ್ಮೆ ಹಿಡಿಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿರಬಾರದು.

ಲೆಕ್ಕ ಸರಳ. ಒಂದು ಚದರ ಎಂಎಂನ ತಾಮ್ರದ ವೈರು ಹೋಗಿ ಬರುವ ದಾರಿ ಸೇರಿ 8 ಮೀಟರ್ ಇದ್ದರೆ 0.14 ಓಮ್, 10 ಆಂಪಿಯರ್ ಹರಿದಾಗ 1.4 ವೋಲ್ಟ್ ದಾರಿಯಲ್ಲೇ ಖರ್ಚು. 4 ಚದರ ಎಂಎಂ ಹಾಕಿದರೆ 0.35 ವೋಲ್ಟ್. ಬ್ಯಾಟರಿಯಿಂದ ನೇರವಾಗಿ 4 ಚದರ ಎಂಎಂ ವೈರು ಎಳೆದು, ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್, ಹಿಂದೆ 40 ಆಂಪಿಯರ್ ರಿಲೇ. ಪಂಪಿನ ಹಳೆ ವೈರನ್ನು ಕತ್ತರಿಸಿ ಎಸೆಯಬೇಡಿ, ಅದೇ ಹೊಸ ರಿಲೇಯ ಕಾಯಿಲಿಗೆ ಹೋಗಲಿ. ಆಗ ಕೀ ತಿರುಗಿಸಿದಾಗಿನ ಎರಡು ಸೆಕೆಂಡಿನ ಪ್ರೈಮಿಂಗೂ (ಪಂಪು ಓಡಿ ಪ್ರೆಶರ್ ಏರಿಸುವುದು) ಉಳಿಯುತ್ತದೆ, ಎಂಜಿನ್ ನಿಂತಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪಂಪ್ ಬಂದ್ ಮಾಡುವುದೂ ಉಳಿಯುತ್ತದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಪಂಪ್ ಕಟ್ಟಿದ ಗಾಡಿ ಅಪಘಾತದಲ್ಲಿ ಮಗುಚಿದರೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಫೋರ್ಡ್ ಗಾಡಿಗಳಲ್ಲಿ ಬರುವ, ಅಪಘಾತದ ಹೊಡೆತಕ್ಕೆ ತಾನಾಗಿ ಕರೆಂಟು ಕಡಿಯುವ ಇನರ್ಶಿಯಾ ಸ್ವಿಚ್ ಗುಜರಿಯಲ್ಲಿ ಸಿಕ್ಕರೆ ರಿಲೇಯ ಕಾಯಿಲ್ ದಾರಿಯಲ್ಲಿ ಸೇರಿಸಿ. ಅರ್ಥಿಂಗ್ ಪಂಪಿನ ಹತ್ತಿರವೇ, ಬಣ್ಣ ಕೆರೆದ ಬರಿ ತಗಡಿಗೆ.

ಹೊಂಡಾದವರಿಗೆ ಇನ್ನೊಂದು ಮಾತು. ಬಿಸಿಲಲ್ಲಿ ನಿಂತ ಗಾಡಿ ಸ್ಟಾರ್ಟ್ ಆಗದೆ, ಸಂಜೆ ತಂಪಾದ ಮೇಲೆ ಏನೂ ಆಗಿಲ್ಲವೆಂಬಂತೆ ಶುರುವಾದರೆ ಪಂಪನ್ನು ದೂರಬೇಡಿ. ಡ್ಯಾಶ್‌ಬೋರ್ಡಿನಡಿಯ ಮೇನ್ ರಿಲೇ ಕಳಚಿ, ಕವಚ ತೆಗೆದು, ಬೋರ್ಡಿನ ಬೆನ್ನನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಕಾದಾಗ ಅಲ್ಲಿ ಬಿರುಕು ಬಾಯಿ ಬಿಟ್ಟು ಸಂಪರ್ಕ ತಪ್ಪುತ್ತದೆ. ಹಳೆ ಬೆಸುಗೆ ಹೀರಿ ಹೊಸದು ಹಾಕಿದರೆ ಮುಗಿಯಿತು. ಮೊಬೈಲ್ ರಿಪೇರಿಯವರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಇಂಜೆಕ್ಟರ್ ಕೂಡಿಸುವಾಗ

ಮೊದಲು ಓಮ್ ಅಳೆಯಿರಿ. 12 ರಿಂದ 16 ಓಮ್ ಇದ್ದರೆ ಹೈ ಇಂಪೀಡೆನ್ಸ್. 2, 3 ಓಮ್ ಇದ್ದರೆ ಲೋ. ಹೈಗಾಗಿ ಮಾಡಿದ ಇಸಿಯುಗೆ ಲೋ ಇಂಜೆಕ್ಟರ್ ಹಾಕಿದರೆ ಕರೆಂಟು ಐದಾರು ಪಟ್ಟು ಹರಿದು ಡ್ರೈವರ್ ಸುಡುತ್ತದೆ. ಇಂಜೆಕ್ಟರ್ ಅಗ್ಗಕ್ಕೆ ಸಿಕ್ಕ ಖುಷಿ ಇಸಿಯು ಜೊತೆಗೇ ಹೊಗೆಯಾಗುತ್ತದೆ. ಉದ್ದ, ಮೇಲಿನ ಓ-ರಿಂಗಿನ ಅಳತೆ, ಕನೆಕ್ಟರ್ ಹಳೆಯದರ ಪಕ್ಕ ಇಟ್ಟು ಹೋಲಿಸಿ. ಒಂದು ಸಿಲಿಂಡರಿಗೆ ನಾಲ್ಕು ವಾಲ್ವ್ ಇರುವ ಎಂಜಿನ್ನಿಗೆ ಎರಡು ಕವಲಾಗಿ ಚಿಮ್ಮುವ ಇಂಜೆಕ್ಟರ್ ಬೇಕು; ಒಂದೇ ಧಾರೆಯದು ಎರಡು ಪೋರ್ಟುಗಳ ನಡುವಿನ ಗೋಡೆಯನ್ನು ತೋಯಿಸುತ್ತದೆ.

ಓ-ರಿಂಗ್ ಫ್ಲೋರೊ ರಬ್ಬರಾದ ವೈಟಾನ್‌ನದೇ. ತೆಳ್ಳಗೆ ಎಂಜಿನ್ ಆಯಿಲ್ ಸವರಿ, ತಿರುಗಿಸುತ್ತ ಒತ್ತಿ. ರೇಲ್ ಬಿಗಿದ ಮೇಲೆ ಪ್ರತಿ ಇಂಜೆಕ್ಟರೂ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಒಂದು ತಿರುಗದಿದ್ದರೆ ಅದರ ಓ-ರಿಂಗ್ ಮಡಿಚಿದೆ. ಎಂಜಿನ್ ಶುರು ಮಾಡಬೇಡಿ, ಬಿಚ್ಚಿ. ಆಮೇಲೆ ಎಂಜಿನ್ ಬಂದ್ ಇರುವಾಗಲೇ ಪಂಪನ್ನು ಮೂರ್ನಾಲ್ಕು ಸಲ ಪ್ರೈಮ್ ಮಾಡಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ಹಸಿಯನ್ನು ಕಾಗದ ತೋರಿಸುತ್ತದೆ.

ರೆಗ್ಯುಲೇಟರ್ ಮತ್ತು ಪಂಪ್

ಬೂಸ್ಟ್ 1 ಬಾರ್ ಏರಿದರೆ ರೇಲಿನ ಪ್ರೆಶರೂ 1 ಬಾರ್ ಏರಿಸುವ ರೆಗ್ಯುಲೇಟರ್ ಸಾಕು. ಬೇಸ್ ಪ್ರೆಶರ್ ಹೊಂದಿಸುವಾಗ ವ್ಯಾಕ್ಯೂಮ್ ಹೋಸ್ ಕಳಚಿರಬೇಕು. ಪ್ರೆಶರ್ ಏರಿಸಿ ಚಿಕ್ಕ ಇಂಜೆಕ್ಟರಿನಿಂದಲೇ ಕೆಲಸ ಸಾಗಿಸುವ ಹಳೆ ಉಪಾಯದ ಮಿತಿ ತಿಳಿದಿರಲಿ: ಹರಿವು ಪ್ರೆಶರಿನ ವರ್ಗಮೂಲದಂತೆ ಏರುತ್ತದೆ. 3 ಬಾರ್‌ನಿಂದ 4 ಬಾರ್‌ಗೆ ಏರಿಸಿದರೆ ಸಿಗುವುದು ಶೇ. 15, ಪಂಪಿನ ಮೇಲೆ ಬೀಳುವ ಹೊರೆ ಮೂರನೇ ಒಂದು ಪಾಲು ಹೆಚ್ಚು. 3ರಿಂದ 3.5ಕ್ಕೆ ಶೇ. 8, ಇ20ಯ ಕೊರತೆ ತುಂಬಲು ಸರಿಹೋಗುವಷ್ಟು.

ಲೆಕ್ಕ ಕೇಳಿದರೆ ಮಾತ್ರ ಪಂಪ್. 160 ಹಾರ್ಸ್‌ಪವರಿನ ಗಾಡಿಗೆ 190 ಲೀಟರ್ ವರ್ಗದ್ದು ಬೇಕಾದಷ್ಟಾಯಿತು. 200 ದಾಟಿದ ಗುರಿ ಇದ್ದರೆ 255. ವಾಲ್ಬ್ರೊ ಹೆಸರಿನ ನಕಲಿ ಪಂಪುಗಳು ಬಹಳ. ಪೆಟ್ಟಿಗೆ ನಂಬದೆ ಹರಿವಿನ ಪರೀಕ್ಷೆಯನ್ನೇ ನಂಬಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಜಾಳಿಗೆ ಹೊಸದೇ ಹಾಕಿ, ಅದು ಟಾಕಿಯ ತಳಕ್ಕೆ ಮಡಚಿಕೊಳ್ಳದೆ ಚಪ್ಪಟೆಯಾಗಿ ಕೂಡಬೇಕು.

255 ಹಾಕಿದ ಮೇಲೆ ರೆಗ್ಯುಲೇಟರಿನ ಸ್ಕ್ರೂ ಪೂರ್ತಿ ಸಡಿಲಿಸಿದರೂ ಪ್ರೆಶರ್ 3ಕ್ಕಿಂತ ಕೆಳಗಿಳಿಯದಿದ್ದರೆ ರಿಟರ್ನ್ ಪೈಪು ಅಷ್ಟು ಹರಿವನ್ನು ಹೊರುತ್ತಿಲ್ಲ. ಐಡಲ್‌ನಲ್ಲಿ ಕಪ್ಪು ಹೊಗೆ, ಒದ್ದೆ ಪ್ಲಗ್, ಟ್ಯೂನ್ ಮಾಡುವವರಿಗೆ ತಲೆನೋವು. ದಪ್ಪ ರಿಟರ್ನ್ ಎಳೆಯಿರಿ, ಇಲ್ಲವೇ ಚಿಕ್ಕ ಪಂಪಿಗೆ ಮರಳಿ. ಎರಡನೆಯದೇ ವಾಸಿ.

ಸರ್ಜ್ ಟ್ಯಾಂಕ್ (ತಿರುವಿನಲ್ಲಿ ಪೆಟ್ರೋಲ್ ಸರಿದಾಗಲೂ ಪಂಪಿಗೆ ಕೊರತೆಯಾಗದಂತೆ ಇಡುವ ಸಣ್ಣ ಹೆಚ್ಚುವರಿ ಟಾಕಿ) ಟ್ರ್ಯಾಕಿನಲ್ಲಿ ಓಡಿಸುವವರಿಗೆ. ರಸ್ತೆಯ ಗಾಡಿಗೆ ಅರ್ಧ ಟಾಕಿ ಪೆಟ್ರೋಲೇ ಸರ್ಜ್ ಟ್ಯಾಂಕ್.

ಟ್ಯೂನ್

ಇಂಜೆಕ್ಟರ್ 240ರಿಂದ 360ಕ್ಕೆ ಹೋದರೆ ಇಸಿಯುಗೆ ಹೇಳದೆ ಗಾಡಿ ಓಡದು. ಅದು ತಿಳಿದಿದ್ದಕ್ಕಿಂತ ಒಂದೂವರೆ ಪಟ್ಟು ಪೆಟ್ರೋಲ್ ಸುರಿಯುತ್ತದೆ. ಹರಿವಿನ ಸಂಖ್ಯೆಯಷ್ಟೇ ಮುಖ್ಯ ಡೆಡ್ ಟೈಮ್, ಅಂದರೆ ಕರೆಂಟು ಬಂದಾಗಿನಿಂದ ಇಂಜೆಕ್ಟರ್ ನಿಜವಾಗಿ ತೆರೆಯುವವರೆಗಿನ ಹೊತ್ತು. 14 ವೋಲ್ಟಿಗೆ ಸುಮಾರು 1 ಮಿಲಿಸೆಕೆಂಡ್, ವೋಲ್ಟೇಜ್ ಇಳಿದಂತೆ ಹೆಚ್ಚು. ಐಡಲ್‌ನಲ್ಲಿ ಇಂಜೆಕ್ಟರ್ ತೆರೆಯುವುದೇ ಎರಡು ಮೂರು ಮಿಲಿಸೆಕೆಂಡ್, ಅಲ್ಲಿ ಈ ಸಂಖ್ಯೆ ತಪ್ಪಿದರೆ ಏಸಿ ಹಾಕಿದ ಕೂಡಲೇ ಎಂಜಿನ್ ನಡುಗುತ್ತದೆ. ಡೆಡ್ ಟೈಮ್ ಪಟ್ಟಿ ಕೊಡದ ಇಂಜೆಕ್ಟರ್ ಕೊಳ್ಳಲೇಬೇಡಿ. ಡ್ಯೂಟಿ, ಅಂದರೆ ಇಂಜೆಕ್ಟರ್ ಎಷ್ಟು ಪಾಲು ಹೊತ್ತು ತೆರೆದಿರುತ್ತದೆ ಎಂಬುದರ ಪರೀಕ್ಷೆಗೆ: 6,800 ಆರ್‌ಪಿಎಂನಲ್ಲಿ ಒಂದು ಚಕ್ರಕ್ಕೆ 17.6 ಮಿಲಿಸೆಕೆಂಡ್, ಅದರ ಶೇ. 80 ಎಂದರೆ 14.1. ಇಸಿಯುವಿನ ಲಾಗಿನಲ್ಲಿ (ದಾಖಲೆಯಲ್ಲಿ) ಪಲ್ಸ್, ಅಂದರೆ ಇಂಜೆಕ್ಟರ್ ತೆರೆದಿರುವ ಹೊತ್ತು, ಇದನ್ನು ದಾಟಿದರೆ ಇಂಜೆಕ್ಟರ್ ಸಾಲದು.

ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಇಂಧನದ ಅನುಪಾತವನ್ನು ನಿಖರವಾಗಿ ಅಳೆಯುವುದು) ಇಲ್ಲದೆ ಫುಲ್ ಥ್ರಾಟಲ್ ಬೇಡ. ಗೇಜನ್ನು ಗಾಳಿ-ಇಂಧನದ ಅನುಪಾತದಲ್ಲಿ, ಅಂದರೆ ಎಎಫ್‌ಆರ್‌ನಲ್ಲಿ ಅಲ್ಲ, ಲ್ಯಾಂಬ್ಡಾದಲ್ಲಿ (ನಿಜವಾದ ಅನುಪಾತವನ್ನು ಆ ಇಂಧನಕ್ಕೆ ಬೇಕಾದ ಅನುಪಾತದಿಂದ ಭಾಗಿಸಿದ ಸಂಖ್ಯೆ) ಓದಿ. ಗೇಜ್ 14.7 ತೋರಿಸುವುದು ಪೆಟ್ರೋಲಿನ ಗುಣಾಕಾರ ಮಾಡಿ. ಇ20ಯಲ್ಲಿ ಅದೇ ಜಾಗ ನಿಜವಾಗಿ 13.5. ಲ್ಯಾಂಬ್ಡಾ 1 ಎಂದರೆ ಎಲ್ಲ ಇಂಧನಕ್ಕೂ 1. ಫುಲ್ ಥ್ರಾಟಲ್‌ಗೆ ಟರ್ಬೊ ಇಲ್ಲದ ಗಾಡಿಗೆ 0.86 ರಿಂದ 0.88, ಟರ್ಬೊಗೆ 0.78 ರಿಂದ 0.82. ಇ20 ಹಾಕಿದ ಹಳೆ ಇಸಿಯು ನಿಧಾನ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ತನ್ನ ಕೊರತೆ ತಾನೇ ತುಂಬಿಕೊಳ್ಳುತ್ತದೆ, ಆದರೆ ಫುಲ್ ಥ್ರಾಟಲ್‌ನಲ್ಲಿ ಆ ಸೆನ್ಸರಿನ ಮಾತು ಕೇಳುವುದಿಲ್ಲ. ಊರೊಳಗೆ ಮಜಬೂತಾಗಿ ಓಡಿದ ಗಾಡಿ ಹೈವೇಯಲ್ಲಿ ಪಿಸ್ಟನ್ ಕಳೆದುಕೊಳ್ಳುವುದು ಈ ಸಂದಿಯಲ್ಲಿ. ಪ್ಲಗ್ ಬಿಚ್ಚಿ ಪಿಂಗಾಣಿ ನೋಡಿ: ಸುಣ್ಣದಂತೆ ಬಿಳುಪಾಗಿ, ಮೇಲೆ ಮೆಣಸಿನ ಪುಡಿಯಷ್ಟು ಸಣ್ಣ ಹೊಳೆಯುವ ಚುಕ್ಕೆಗಳಿದ್ದರೆ ಆ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ.

ಟ್ಯೂನಿಂಗ್ ಡೈನೊ ಮೇಲೆ ನಡೆಯಲಿ, ರಿಂಗ್ ರೋಡ್ ಮೇಲಲ್ಲ. ಎಂಜಿನ್ನಿನ ಮೂಲ ವಿವರ ಬದಲಾಗುವ ಕೆಲಸಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. 15 ವರ್ಷ ದಾಟಿ ಮರುನೋಂದಣಿಗೆ ನಿಲ್ಲುವ ಕೆಎ 32, 33, 38ರ ಗಾಡಿಗಳು ಆರ್‌ಟಿಒ ಮತ್ತು ವಿಮೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹಳೆ ಬಿಡಿಭಾಗಗಳನ್ನು ಗುಜರಿಗೆ ಹಾಕಬೇಡಿ.

ಮೊದಲ 500 ಕಿಲೊಮೀಟರ್ ಆದ ಮೇಲೆ

ಎಥನಾಲ್ ಟಾಕಿಯ ಗೋಡೆಗೆ ಇಪ್ಪತ್ತು ವರ್ಷದಿಂದ ಅಂಟಿದ ಮಡ್ಡಿಯನ್ನು ಸಡಿಲಿಸುತ್ತದೆ, ಅದೆಲ್ಲ ಹೊಸ ಫಿಲ್ಟರಿಗೆ ಬರುತ್ತದೆ. ಹಾಗಾಗಿ 500 ಕಿಲೊಮೀಟರಿಗೆ ಫಿಲ್ಟರ್ ಬದಲಿಸಿ. ತೆಗೆದದ್ದನ್ನು ಬಿಸಾಡದೆ ಎರಡು ದಿನ ಹೊರಗೆ ಒಣಗಿಸಿ, ಕೈಗರಗಸದಿಂದ ಕೊಯ್ದು ಕಾಗದ ಬಿಡಿಸಿ ನೋಡಿ. ಕೆಂಪು ಪುಡಿ ಇದ್ದರೆ ಟಾಕಿ ತುಕ್ಕು ಹಿಡಿದಿದೆ, ಇಳಿಸಿ ತೊಳೆಸಬೇಕು. ಕಪ್ಪು, ಬೆರಳಿಗೆ ಅಂಟುವಂಥದ್ದಿದ್ದರೆ ಎಲ್ಲೋ ಒಂದು ಹಳೆ ಹೋಸ್ ಉಳಿದಿದೆ. ಟಾಕಿಯ ಮೂತಿಯಿಂದ ರೇಲಿನವರೆಗೆ ಇನ್ನೊಮ್ಮೆ ಹುಡುಕಿ. ಕಾಗದ ಅಲೆಅಲೆಯಾಗಿ ಮುದುಡಿ ಕೆಳಗೆ ಹನಿ ನಿಂತಿದ್ದರೆ ನೀರು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಎಥನಾಲ್ ನೀರು ಹೀರಿ, ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟಾಕಿಯ ತಳಕ್ಕೆ, ಸರಿಯಾಗಿ ಪಂಪಿನ ಜಾಳಿಗೆಯ ಬುಡಕ್ಕೆ ಇಳಿಯುತ್ತವೆ. ಅದನ್ನು ಹೊಸ ಪೆಟ್ರೋಲ್ ಸುರಿದು ಸರಿಮಾಡಲಾಗದು, ಟಾಕಿ ಪೂರ್ತಿ ಬರಿದು ಮಾಡಬೇಕು. ಕಾಗದ ತಿಳಿ ಕಂದಾಗಿದ್ದು ಬೇರೇನೂ ಇಲ್ಲದಿದ್ದರೆ ಮುಂದಿನ ಫಿಲ್ಟರ್ 10,000 ಕಿಲೊಮೀಟರಿಗೆ.